ಕಾಲೇಜು ಕಬಡ್ಡಿ ಕ್ರೀಡಾವರ್ಷ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು

ಕಾಲೇಜು ಕಬಡ್ಡಿ ಕ್ರೀಡಾವರ್ಷ ಎಂದರೆ ಪದವಿ ಕಾಲೇಜಿನ ಪುರುಷರ ಕಬಡ್ಡಿ ತಂಡವೊಂದು ಶೈಕ್ಷಣಿಕ ವರ್ಷದೊಳಗೆ ಆಟಗಾರರ ಆಯ್ಕೆಯಿಂದ ಕೊನೆಯ ಪಂದ್ಯದವರೆಗೆ ನಡೆಸುವ ತಾಲೀಮು ಮತ್ತು ಪೈಪೋಟಿಗಳ ಒಟ್ಟು ಅವಧಿ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಈ ಅವಧಿ ಪದವಿ ಪ್ರವೇಶ ಮುಗಿಯುವ ಮಳೆಗಾಲದಲ್ಲಿ ಶುರುವಾಗುತ್ತದೆ. ಅಂತರ ಕಾಲೇಜು ಪಂದ್ಯಾವಳಿ ಅದರ ನಡುಗಂಬ. ಆಯ್ದ ಕೆಲವರಿಗೆ ಅದು ಅಂತರ ವಿಶ್ವವಿದ್ಯಾಲಯ ಮಟ್ಟದವರೆಗೆ ಮುಂದುವರಿಯುತ್ತದೆ, ಉಳಿದವರಿಗೆ ಊರ ಜಾತ್ರೆಯ ಪಂದ್ಯಾವಳಿಗಳಲ್ಲಿ ಹರಡಿಕೊಳ್ಳುತ್ತದೆ.

ಉತ್ತರ ಅಮೆರಿಕದ ಕಾಲೇಜು ಐಸ್ ಹಾಕಿಯ ಸೀಸನ್‌ಗೂ ಇದಕ್ಕೂ ರಚನೆಯಲ್ಲೇ ವ್ಯತ್ಯಾಸವಿದೆ. ಅಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಲೀಗ್ ಮಾದರಿಯಲ್ಲಿ ಹತ್ತಾರು ಪಂದ್ಯಗಳು ಮೊದಲೇ ಗೊತ್ತಾಗಿರುತ್ತವೆ. ಒಂದು ಸೋತರೆ ಮುಂದಿನ ವಾರ ಇನ್ನೊಂದು ಇರುತ್ತದೆ. ಇಲ್ಲಿನ ಅಧಿಕೃತ ಪೈಪೋಟಿ ಬಹುಪಾಲು ನಾಕೌಟ್. ಮೊದಲ ಸುತ್ತಿನಲ್ಲಿ ಸೋತ ತಂಡಕ್ಕೆ ಆ ವರ್ಷದ ಅಧಿಕೃತ ಆಟ 40 ನಿಮಿಷಕ್ಕೇ ಮುಗಿಯುತ್ತದೆ.

ಹೆಸರು ಮತ್ತು ಪರಿಭಾಷೆ

ಕಬಡ್ಡಿಗೆ ಮಹಾರಾಷ್ಟ್ರದ ಕಡೆ ಹುತುತು, ದಕ್ಷಿಣದಲ್ಲಿ ಚಡುಗುಡು ಎಂಬ ಹಳೆಯ ಹೆಸರುಗಳಿವೆ. ಕಾಲೇಜು ಮಟ್ಟದ ದಾಖಲೆಗಳಲ್ಲಿ ಕಬಡ್ಡಿ ಎಂಬುದೊಂದೇ ರೂಪ ನಿಂತಿದೆ. ಈ ಲೇಖನದಲ್ಲಿ ‘ಅಂಕಣ’ ಎಂದರೆ ಆಟದ ಕೋರ್ಟ್. ‘ದಾಳಿ’ ಎಂದರೆ ಒಬ್ಬ ಆಟಗಾರ ಎದುರಾಳಿಯ ಅರ್ಧಕ್ಕೆ ಹೋಗಿ ಬರುವ ಸರದಿ, ಅಂದರೆ ರೈಡ್. ‘ದಾಳಿಗಾರ’ ಎಂದರೆ ರೈಡರ್. ಹಿಡಿಯುವವರನ್ನು ಆಟಗಾರರು ಕ್ಯಾಚರ್ ಎಂದೂ ವೀಕ್ಷಕ ವಿವರಣೆಗಾರರು ಡಿಫೆಂಡರ್ ಎಂದೂ ಕರೆಯುತ್ತಾರೆ. ಎದುರು ತಂಡದ ಎಲ್ಲರನ್ನೂ ಔಟ್ ಮಾಡುವುದು ‘ಲೋನಾ’.

ಕ್ರೀಡಾವರ್ಷ ಎಂಬುದು ಕಚೇರಿ ಮತ್ತು ಕ್ರೀಡಾ ವಿಭಾಗದ ಮಾತು. ಹುಡುಗರ ಬಾಯಲ್ಲಿ ಅದು ಸೀಸನ್.

ಮೂಲ ಮತ್ತು ಬೆಳವಣಿಗೆ

ಕಬಡ್ಡಿಗೆ ಬರಹದ ನಿಯಮಗಳು ರೂಪುಗೊಂಡದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ, ಮುಖ್ಯವಾಗಿ ಮಹಾರಾಷ್ಟ್ರ ಮತ್ತು ಬರೋಡಾದಲ್ಲಿ. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳ 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಈ ಆಟವನ್ನು ಪ್ರದರ್ಶಿಸಿತು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಹುಟ್ಟಿತು. 1972ರಲ್ಲಿ ಅದರ ಜಾಗದಲ್ಲಿ ಭಾರತೀಯ ಅಮೆಚೂರ್ ಕಬಡ್ಡಿ ಫೆಡರೇಷನ್ ಬಂತು. ಕಾಲೇಜು ಆಟಕ್ಕೆ ನಿರ್ಣಾಯಕವಾದ ವರ್ಷ 1961: ಆಗ ವಿಶ್ವವಿದ್ಯಾಲಯಗಳ ಕ್ರೀಡಾ ಮಂಡಳಿ ಕಬಡ್ಡಿಯನ್ನು ತನ್ನ ಕ್ರೀಡೆಗಳ ಪಟ್ಟಿಗೆ ಸೇರಿಸಿತು. ಮರುವರ್ಷ ಶಾಲಾ ಕ್ರೀಡೆಗಳ ಪಟ್ಟಿಗೂ ಅದು ಬಂತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಕಬಡ್ಡಿ ಪದಕದ ಆಟವಾಗಿದೆ.

ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಕಾಲೇಜು ಕಬಡ್ಡಿಯ ಚರಿತ್ರೆ ಧಾರವಾಡದ ಜೊತೆ ಹೆಣೆದುಕೊಂಡಿದೆ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಭಾಗಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಸ್ವಾತಂತ್ರ್ಯದವರೆಗೂ ನವಾಬರ ಸಂಸ್ಥಾನವಾಗಿದ್ದು, ಆಮೇಲೆ ಅದೇ ಜಿಲ್ಲೆಯಲ್ಲಿ ವಿಲೀನವಾಯಿತು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾದವು. ತಾಲ್ಲೂಕು ಕೇಂದ್ರಗಳಲ್ಲಿ ಪದವಿ ಕಾಲೇಜುಗಳು ತೆರೆಯುವ ಮೊದಲು ಇಲ್ಲಿನ ಹುಡುಗರು ಓದಿಗಾಗಿ ಊರು ಬಿಡಬೇಕಿತ್ತು, ಆಡಿದರೆ ಬೇರೆ ಊರಿನ ಕಾಲೇಜಿನ ಹೆಸರಿನಲ್ಲೇ ಆಡಬೇಕಿತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಸ್ಥಳೀಯ ಕಾಲೇಜುಗಳು ಬಂದ ಮೇಲೆ ಊರ ಹೆಸರಿನ ತಂಡಗಳು ಹುಟ್ಟಿಕೊಂಡವು.

1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆಯಾಯಿತು. ಆದರೂ ಕಾಲೇಜುಗಳ ಮಾನ್ಯತೆ, ಅದರೊಡನೆ ಕ್ರೀಡಾಕೂಟಗಳ ವೇಳಾಪಟ್ಟಿ, ಮುಂದೆ ಎರಡೂವರೆ ದಶಕ ಧಾರವಾಡದ ಕೈಯಲ್ಲೇ ಇತ್ತು. 2022ರ ಕಾಯ್ದೆ ತಿದ್ದುಪಡಿಯಿಂದ ಹಾವೇರಿ ವಿಶ್ವವಿದ್ಯಾಲಯ ರಚನೆಯಾಗಿ 2023ರಲ್ಲಿ ಉದ್ಘಾಟನೆಗೊಂಡಿತು. ಹಾವೇರಿ ಬಳಿಯ ಕೆರಿಮತ್ತಿಹಳ್ಳಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಅದರ ಆವರಣವಾಯಿತು.

ಪ್ರದೇಶ ಮತ್ತು ಕಾಲೇಜುಗಳು

ಹಾನಗಲ್ಲಿನ ಶ್ರೀ ಕುಮಾರೇಶ್ವರ ಕಲಾ ಮತ್ತು ವಾಣಿಜ್ಯ ಕಾಲೇಜು, ಅದೇ ತಾಲ್ಲೂಕಿನ ಅಕ್ಕಿಆಲೂರಿನ ಸಿ.ಜಿ. ಬೆಲ್ಲದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹಿರೇಕೆರೂರಿನ ಬಿ.ಆರ್. ತಂಬಾಕದ ಕಲಾ, ವಾಣಿಜ್ಯ ಮತ್ತು ವಿಜ್ಞಾನ ಕಾಲೇಜು, ಶಿಗ್ಗಾಂವಿ ಮತ್ತು ಸವಣೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಈ ಭಾಗದ ಪದವಿ ಕಾಲೇಜುಗಳಲ್ಲಿ ಸೇರಿವೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದು ಈ ಪದವಿ ಕಾಲೇಜುಗಳ ಮಾನ್ಯತಾ ವಿಶ್ವವಿದ್ಯಾಲಯವಲ್ಲ.

ನಾಲ್ಕೂ ತಾಲ್ಲೂಕುಗಳು ಒಂದೇ ಜಿಲ್ಲೆಯವಾದರೂ ನೆಲ ಒಂದೇ ಅಲ್ಲ. ಹಾನಗಲ್ಲ ಮಲೆನಾಡಿನ ಸೆರಗು. ಭತ್ತ ಮತ್ತು ಮಾವಿನ ಸೀಮೆ, ಮಳೆ ಹೆಚ್ಚು. ಪೂರ್ವದ ಸವಣೂರಿನ ಕಡೆ ಎರೆ ಭೂಮಿ ಸಿಗುತ್ತದೆ. ಶಿಗ್ಗಾಂವಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಹಿರೇಕೆರೂರು ಜಿಲ್ಲೆಯ ದಕ್ಷಿಣ ತುದಿಯಲ್ಲಿ ಶಿಕಾರಿಪುರ ಸೀಮೆಗೆ ತಾಗಿಕೊಂಡಿದೆ. ಹಾನಗಲ್ಲ ಮತ್ತು ಹಿರೇಕೆರೂರು ಪಟ್ಟಣಗಳಿಗೆ ರೈಲು ಇಲ್ಲ. ಹಳ್ಳಿಗಳಿಂದ ಬರುವ ಆಟಗಾರರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸನ್ನೇ ನೆಚ್ಚಿರುವುದರಿಂದ ಸಂಜೆಯ ತಾಲೀಮಿನ ಹೊತ್ತನ್ನು ಗೊತ್ತುಮಾಡುವುದು ಊರಿಗೆ ಹೋಗುವ ಕೊನೆಯ ಬಸ್ಸು.

ಅಂಕಣ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆ ಅದನ್ನು ತಲಾ 6.5 ಮೀಟರ್‌ನ ಎರಡು ಅರ್ಧಗಳಾಗಿ ಒಡೆಯುತ್ತದೆ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಾಚೆ 1 ಮೀಟರ್‌ಗೆ ಬೋನಸ್ ಲೈನ್. ಎರಡೂ ಪಕ್ಕಗಳಲ್ಲಿ 1 ಮೀಟರ್ ಅಗಲದ ಪಟ್ಟಿ ಲಾಬಿ. ದಾಳಿಗಾರ ಮತ್ತು ಹಿಡಿಯುವವರ ನಡುವೆ ಮೈತಾಕಿದ ಮೇಲಷ್ಟೇ ಲಾಬಿ ಆಟದೊಳಗೆ ಸೇರುತ್ತದೆ. ಅದಕ್ಕೆ ಮೊದಲು ಅಲ್ಲಿ ಕಾಲಿಟ್ಟವನು ಔಟ್.

ಕಾಲೇಜು ಮೈದಾನಗಳಲ್ಲಿ ಮಣ್ಣಿನ ಅಂಕಣ ಸಾಮಾನ್ಯ. ಅದಕ್ಕೆ ಎರೆ ಮಣ್ಣು ಒಗ್ಗುವುದಿಲ್ಲ: ನೆನೆದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಹೀಗಾಗಿ ಮಸಾರಿ, ಅಂದರೆ ಕೆಂಪು ಮಣ್ಣು ಬೇಕು. ನೆಲವನ್ನು ಅಗೆದು, ಹರಳು ಆರಿಸಿ, ಜರಡಿ ಹಿಡಿದ ಮಣ್ಣು ಹರವಿ, ನೀರು ಚಿಮುಕಿಸಿ, ಮಟ್ಟ ಮಾಡಿ ಒಣಗಲು ಬಿಡುತ್ತಾರೆ. ಹಗ್ಗ ಎಳೆದು ಸುಣ್ಣದ ಪುಡಿಯಿಂದ ಗೆರೆ ಹಾಕುವುದು ಪಂದ್ಯದ ದಿನ ಬೆಳಿಗ್ಗೆ. ಒಂದು ಜೋರು ಮಳೆ ಬಿದ್ದರೆ ಗೆರೆಯ ಕೆಲಸವಷ್ಟೇ ಅಲ್ಲ, ಮಟ್ಟ ಮಾಡುವ ಕೆಲಸವೂ ಮೊದಲಿನಿಂದ.

ದೊಡ್ಡ ಪಂದ್ಯಾವಳಿಗಳು ಮ್ಯಾಟ್ ಮೇಲೆ ನಡೆಯುತ್ತವೆ. ಮ್ಯಾಟ್ ಎಂದರೆ ಒಂದಕ್ಕೊಂದು ಹಲ್ಲು ಕೂಡಿಸಿ ಜೋಡಿಸುವ ರಬ್ಬರಿನಂಥ ಹಾಸುಗಳು. ಮಣ್ಣಿನಲ್ಲಿ ಬರಿಗಾಲು ನಡೆಯುತ್ತದೆ, ಮ್ಯಾಟ್‌ಗೆ ಹಿಡಿತದ ಶೂ ಬೇಕು. ಮಣ್ಣಿನಲ್ಲಿ ಜಾರುತ್ತಾ ತಿರುಗುವ ಕಾಲು ಮ್ಯಾಟ್ ಮೇಲೆ ತಟ್ಟನೆ ನಿಲ್ಲುತ್ತದೆ. ಆಟದ ವೇಗ ಹೆಚ್ಚುವುದೂ ಇದರಿಂದಲೇ, ಮೊಣಕಾಲಿನ ಮೇಲೆ ಭಾರ ಬೀಳುವುದೂ ಇದರಿಂದಲೇ.

ಆಟದ ರಚನೆ

ತಂಡದಲ್ಲಿ 12 ಮಂದಿ. ಅಂಕಣದಲ್ಲಿ 7, ಉಳಿದವರು ಬದಲಿ. ಪಂದ್ಯ ತಲಾ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಹಿಡಿಯುವ ಸಾಲಿನಲ್ಲಿ ಎರಡು ತುದಿಗಳಿಗೆ ಲೆಫ್ಟ್ ಕಾರ್ನರ್ ಮತ್ತು ರೈಟ್ ಕಾರ್ನರ್, ಅವರ ಪಕ್ಕದಲ್ಲಿ ಇನ್, ಒಳಬದಿಗೆ ಕವರ್, ನಟ್ಟನಡುವೆ ಸೆಂಟರ್ ನಿಲ್ಲುತ್ತಾರೆ. ಕಾರ್ನರ್‌ನ ಆಯುಧ ಪಾದದ ಕೀಲು ಹಿಡಿಯುವ ಆಂಕಲ್ ಹೋಲ್ಡ್, ತೊಡೆ ಹಿಡಿಯುವ ಥೈ ಹೋಲ್ಡ್. ಕವರ್‌ನದು ಅಡ್ಡಗಟ್ಟುವ ಬ್ಲಾಕ್ ಮತ್ತು ಗುದ್ದಿ ಹೊರದಬ್ಬುವ ಡ್ಯಾಶ್. ಪಕ್ಕದವನ ಕೈ ಹಿಡಿದು ಜೋಡಿಯಾಗಿ ಚಲಿಸುವುದಕ್ಕೆ ಚೈನ್ ಎನ್ನುತ್ತಾರೆ.

ಒಂದು ದಾಳಿಗೆ 30 ಸೆಕೆಂಡು. ದಾಳಿಗಾರ ನಡುಗೆರೆ ದಾಟುವಾಗಲೇ ‘ಕಬಡ್ಡಿ, ಕಬಡ್ಡಿ’ ಎಂಬ ಉಸಿರು ಹಿಡಿದ ಪಲುಕು ಅಂಪೈರ್‌ಗೆ ಕೇಳಿಸಬೇಕು. ತಡವಾದರೆ ದಾಳಿ ರದ್ದು, ಎದುರು ತಂಡಕ್ಕೆ ಒಂದು ತಾಂತ್ರಿಕ ಅಂಕ. ಮೊದಲ ಕೆಲವು ಸೆಕೆಂಡು ಅವನು ಅಡ್ಡಡ್ಡ ಓಡಾಡುತ್ತಾ ಕಾರ್ನರ್‌ನವನು ಯಾವ ಕಾಲನ್ನು ಮುಂದಿಟ್ಟಿದ್ದಾನೆ ಎಂದು ನೋಡುತ್ತಾನೆ. ಯಾರನ್ನೂ ಮುಟ್ಟದಿದ್ದರೆ ಒಮ್ಮೆಯಾದರೂ ಬಾಕ್ ಲೈನ್ ದಾಟಿಯೇ ಮರಳಬೇಕು, ಇಲ್ಲವಾದರೆ ಔಟ್. ಎದುರಿಗೆ 6 ಅಥವಾ 7 ಮಂದಿ ಇದ್ದಾಗ ಒಂದು ಕಾಲನ್ನು ಬೋನಸ್ ಗೆರೆಯಾಚೆ ಊರಿ, ಹಿಂದಿನ ಕಾಲನ್ನು ಗಾಳಿಯಲ್ಲಿ ಎತ್ತಿದರೆ ಒಂದು ಬೋನಸ್ ಅಂಕ. ಆ ಎತ್ತಿದ ಕಾಲಿಗೇ ಕಾರ್ನರ್ ಕಾದಿರುತ್ತಾನೆ. ಹಿಡಿತಕ್ಕೆ ಸಿಕ್ಕರೂ ಬೆರಳ ತುದಿ ನಡುಗೆರೆ ಮುಟ್ಟಿದರೆ ಸಾಕು, ಹಿಡಿದವರೆಲ್ಲ ಔಟ್.

ಮುಟ್ಟಿದ ಪ್ರತಿಯೊಬ್ಬನಿಗೆ ಒಂದು ಅಂಕ, ಹಿಡಿದರೆ ಒಂದು ಅಂಕ, ಲೋನಾಕ್ಕೆ ಹೆಚ್ಚುವರಿ 2. ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ದಾಳಿಗಾರನನ್ನು ಹಿಡಿದರೆ ಸೂಪರ್ ಟ್ಯಾಕಲ್; ಅದಕ್ಕೆ ಒಂದು ಅಂಕ ಹೆಚ್ಚು. ಸತತ ಎರಡು ದಾಳಿ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’: ಅಂಕ ತಾರದಿದ್ದರೆ ದಾಳಿಗಾರ ಔಟ್. ತಂಡ ಅಂಕ ಗಳಿಸಿದಂತೆಲ್ಲ ಔಟಾದವರು ಔಟಾದ ಕ್ರಮದಲ್ಲೇ ಮರಳಿ ಬರುತ್ತಾರೆ. ಬೋನಸ್ ಅಂಕಕ್ಕೆ ಮಾತ್ರ ಯಾರೂ ಮರಳುವುದಿಲ್ಲ. ರೆಫರಿ ಒಬ್ಬರು, ಅಂಪೈರ್‌ಗಳು ಇಬ್ಬರು, ಸ್ಕೋರರ್ ಮತ್ತು ಸಹಾಯಕ ಸ್ಕೋರರ್‌ಗಳು ಪಂದ್ಯ ನಡೆಸುತ್ತಾರೆ.

ತಂಡದ ಆಯ್ಕೆ

ಆಯ್ಕೆಯ ಹೊಣೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರದು. ಸೂಚನಾ ಫಲಕದಲ್ಲಿ ನೋಟಿಸು ಬಿದ್ದ ಮೇಲೆ ಮೈದಾನದಲ್ಲಿ ಆಯ್ಕೆ ಪಂದ್ಯ ನಡೆಯುತ್ತದೆ. ಪದವಿಪೂರ್ವ ಮಟ್ಟದಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯ ಹಂತದ ಕೂಟಗಳು ಪ್ರತ್ಯೇಕವಾಗಿ ನಡೆಯುವುದರಿಂದ ಮೊದಲ ವರ್ಷಕ್ಕೆ ಸೇರುವ ಹುಡುಗರಲ್ಲಿ ಕೆಲವರಿಗೆ ಮೊದಲೇ ಪಂದ್ಯದ ಅನುಭವ ಇರುತ್ತದೆ. ಅಂತಿಮ ವರ್ಷದವರು ಹೊರಟುಹೋಗುವುದರಿಂದ ತಂಡ ಪ್ರತಿವರ್ಷ ಒಂದಿಷ್ಟು ಹೊಸದಾಗುತ್ತದೆ.

ಆಟಗಾರ ಆ ಕಾಲೇಜಿನ ನಿಯಮಿತ ವಿದ್ಯಾರ್ಥಿಯಾಗಿರಬೇಕು. ಅಂತರ ವಿಶ್ವವಿದ್ಯಾಲಯ ಮಟ್ಟಕ್ಕೆ ವಯಸ್ಸು ಜುಲೈ 1ಕ್ಕೆ 17ರಿಂದ 25 ವರ್ಷದೊಳಗೆ. ಅರ್ಹತಾ ಪತ್ರಕ್ಕೆ ಪ್ರಾಚಾರ್ಯರ ಸಹಿ, ಜನ್ಮದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬೇಕು. ಹಿರಿಯ ಪುರುಷರ ಕಬಡ್ಡಿಯಲ್ಲಿ ದೇಹತೂಕದ ಮಿತಿ 85 ಕೆ.ಜಿ.; ಆದ್ದರಿಂದ ಪಂದ್ಯಾವಳಿಯಲ್ಲಿ ತೂಕದ ಯಂತ್ರಕ್ಕೂ ಒಂದು ಜಾಗ ಇರುತ್ತದೆ.

ವರ್ಷದ ಹಂತಗಳು

ಮೊದಲ ಹಂತ ತಾಲೀಮು. ಇದು ಬಹುಮಟ್ಟಿಗೆ ಮಳೆಗಾಲಕ್ಕೆ ಬೀಳುತ್ತದೆ. ಅಂಕಣ ಕೆಸರಾದ ದಿನಗಳಲ್ಲಿ ಓಟ, ದಂಡ, ಬಸ್ಕಿ, ಹಗ್ಗದ ಕಸರತ್ತು. ಬಿಸಿಲು ಬಿದ್ದ ದಿನ ದಾಳಿ ಮತ್ತು ಹಿಡಿತದ ಅಭ್ಯಾಸ. ಇದೇ ಹೊತ್ತಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟ ತಾಲ್ಲೂಕು ಮಟ್ಟದಿಂದ ಆರಂಭವಾಗುತ್ತದೆ. ಅದು ಕಾಲೇಜು ಪಂದ್ಯಾವಳಿಯಲ್ಲ. ಆದರೂ ಕಾಲೇಜು ಆಟಗಾರರು ತಮ್ಮ ತಾಲ್ಲೂಕಿನ ಪರವಾಗಿ ಆಡುತ್ತಾರೆ. ಗೆದ್ದವರಿಗೆ ಜಿಲ್ಲೆ, ಬೆಳಗಾವಿ ವಿಭಾಗ, ಕೊನೆಗೆ ಮೈಸೂರಿನ ರಾಜ್ಯಮಟ್ಟ ಎಂಬ ಏಣಿ ಇದೆ. ಜಿಲ್ಲಾ ಮಟ್ಟದ ಕೂಟಗಳಿಗೆ ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣ ಮುಖ್ಯ ತಾಣ.

ಎರಡನೆಯ ಹಂತ ಅಂತರ ಕಾಲೇಜು ಪಂದ್ಯಾವಳಿ. ವಿಶ್ವವಿದ್ಯಾಲಯ ಪ್ರತಿ ಕ್ರೀಡೆಯ ಆತಿಥ್ಯವನ್ನು ಒಂದೊಂದು ಕಾಲೇಜಿಗೆ ಹಂಚುತ್ತದೆ. ಆತಿಥೇಯ ಕಾಲೇಜು ಅಂಕಣ, ಊಟ, ವಸತಿ ನೋಡಿಕೊಳ್ಳುತ್ತದೆ; ಬೆಳಿಗ್ಗೆ ತಂಡಗಳ ವ್ಯವಸ್ಥಾಪಕರ ಮುಂದೆ ಚೀಟಿ ಎತ್ತಿ ಡ್ರಾ ಹಾಕುತ್ತಾರೆ. ಆರಂಭದ ಸುತ್ತುಗಳು ನಾಕೌಟ್. ಕೊನೆಯ ನಾಲ್ಕು ತಂಡಗಳಿಗೆ ಲೀಗ್ ಇಡುವ ನಾಕೌಟ್-ಕಮ್-ಲೀಗ್ ಪದ್ಧತಿಯೂ ಬಳಕೆಯಲ್ಲಿದೆ. ಎರಡು ದಿನದ ಕೂಟದಲ್ಲಿ ಮೇಲಕ್ಕೇರುವ ತಂಡ ಒಂದೇ ದಿನ ಎರಡು ಮೂರು ಪಂದ್ಯ ಆಡಬೇಕಾಗುತ್ತದೆ. ಆಗ ಬದಲಿ ಆಟಗಾರರ ಬಲವೇ ಫಲಿತಾಂಶ ತೀರ್ಮಾನಿಸುವುದುಂಟು.

ಮೂರನೆಯ ಹಂತ ವಿಶ್ವವಿದ್ಯಾಲಯ ತಂಡ. ಅಂತರ ಕಾಲೇಜು ಕೂಟದಲ್ಲಿ ಗಮನ ಸೆಳೆದವರನ್ನು ಆಯ್ಕೆಗಾರರು ಪಟ್ಟಿ ಮಾಡಿ, ತರಬೇತಿ ಶಿಬಿರ ನಡೆಸಿ, ಅಂತಿಮ ತಂಡ ಪ್ರಕಟಿಸುತ್ತಾರೆ. ಈ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ದಕ್ಷಿಣ ವಲಯ ಪಂದ್ಯಾವಳಿಗೆ ಹೋಗುತ್ತದೆ. ವಲಯದ ಅಗ್ರ ತಂಡಗಳಿಗೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಅಲ್ಲಿನ ಅಗ್ರ ತಂಡಗಳಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಖೇಲೋ ಇಂಡಿಯಾದ ಈ ಕೂಟ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಯಿತು. ಎರಡನೆಯದು 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆಯಿತು. ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಆಟಗಾರನನ್ನು ‘ಯೂನಿವರ್ಸಿಟಿ ಬ್ಲೂ’ ಎಂದು ಕರೆಯುತ್ತಾರೆ.

ನಾಲ್ಕನೆಯ ಹಂತ ಅನಧಿಕೃತ. ಸೆಮಿಸ್ಟರ್ ಪರೀಕ್ಷೆಗಳ ಆಚೀಚೆ, ಸುಗ್ಗಿ ಮುಗಿದ ಮೇಲೆ, ಜಾತ್ರೆ ಮತ್ತು ಜಯಂತಿಗಳ ಸಂದರ್ಭದಲ್ಲಿ ಊರೂರಿನಲ್ಲಿ ಮುಕ್ತ ಪಂದ್ಯಾವಳಿಗಳು ನಡೆಯುತ್ತವೆ. ಕಾಲೇಜಿನಲ್ಲಿ ಒಂದೇ ತಂಡದಲ್ಲಿ ಆಡಿದವರು ಇಲ್ಲಿ ತಮ್ಮ ತಮ್ಮ ಊರಿನ ತಂಡಗಳಲ್ಲಿ ಎದುರುಬದುರಾಗುತ್ತಾರೆ. ಮುಂಡಗೋಡ, ಕಲಘಟಗಿ, ಕುಂದಗೋಳ, ಶಿಕಾರಿಪುರ, ಸೊರಬ ಸೀಮೆಗಳು ಪಕ್ಕದಲ್ಲೇ ಇರುವುದರಿಂದ ಈ ಆಟಕ್ಕೆ ಜಿಲ್ಲೆಯ ಗಡಿ ಅಡ್ಡಬರುವುದಿಲ್ಲ.

ಪಂದ್ಯಾವಳಿಯ ಬಗೆಗಳು

ನಿಯಮದ ದೃಷ್ಟಿಯಿಂದ ಭಾರತದಲ್ಲಿ ಮೂರು ಬಗೆಯ ಕಬಡ್ಡಿಯನ್ನು ಗುರುತಿಸಲಾಗಿದೆ. ಔಟಾದವನು ಮರಳಿ ಬರುವುದು ಸಂಜೀವನಿ. ಎಲ್ಲರೂ ಔಟಾಗುವವರೆಗೆ ಹೊರಗೇ ಉಳಿಯುವುದು ಗಾಮಿನಿ. ಔಟಾದರೂ ಅಂಕಣದಲ್ಲೇ ಮುಂದುವರಿದು ಅಂಕ ಮಾತ್ರ ಎಣಿಸುವುದು ಅಮರ್. ಕಾಲೇಜು ಕಬಡ್ಡಿ ನಡೆಯುವುದು ಸಂಜೀವನಿಯಿಂದ ಬೆಳೆದ ನಿಯಮಗಳ ಮೇಲೆ.

ಏರ್ಪಾಟಿನ ದೃಷ್ಟಿಯಿಂದ ಮುಖ್ಯ ಭೇದ ಹಗಲಿನ ಕೂಟ ಮತ್ತು ಹೊನಲು ಬೆಳಕಿನ ಕೂಟ. ಅಂತರ ಕಾಲೇಜು ಪಂದ್ಯಗಳು ಹಗಲಿನಲ್ಲಿ ನಡೆಯುತ್ತವೆ. ಊರಿನ ಪಂದ್ಯಾವಳಿಗಳು ಹೆಚ್ಚಾಗಿ ಹೊನಲು ಬೆಳಕಿನವು: ಕಂಬಗಳಿಗೆ ದೀಪ ಕಟ್ಟಿ, ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಇಟ್ಟು, ಪ್ರವೇಶ ಶುಲ್ಕ ಪಡೆದು, ನಗದು ಮತ್ತು ಟ್ರೋಫಿಯ ಬಹುಮಾನ ಘೋಷಿಸಿ ಬೆಳಗಿನ ಜಾವದವರೆಗೆ ನಡೆಸುತ್ತಾರೆ. ತೂಕದ ಮಿತಿ, ಊರಿಗೆ ಒಂದೇ ತಂಡ, ಹೊರಗಿನ ಆಟಗಾರರಿಗೆ ಅವಕಾಶ ಇದೆಯೋ ಇಲ್ಲವೋ ಎಂಬ ಷರತ್ತುಗಳನ್ನು ಸಂಘಟಕರು ಕರಪತ್ರದಲ್ಲೇ ಅಚ್ಚು ಹಾಕಿಸುತ್ತಾರೆ.

ಪ್ರಯೋಜನಗಳು

ಕ್ರೀಡಾವರ್ಷದ ನೇರ ಫಲ ಪ್ರಮಾಣಪತ್ರ. ಪೊಲೀಸ್, ರೈಲ್ವೆ, ಸೇನಾಪಡೆಗಳ ಕ್ರೀಡಾ ಕೋಟಾದ ನೇಮಕಾತಿಗಳಲ್ಲಿ ಆಡಿದ ಮಟ್ಟಕ್ಕೆ ತಕ್ಕಂತೆ ಅದಕ್ಕೆ ಬೆಲೆ ಬರುತ್ತದೆ. ಕಾಲೇಜು ಮಟ್ಟದ ಪತ್ರಕ್ಕಿಂತ ಅಂತರ ವಿಶ್ವವಿದ್ಯಾಲಯದ ಪತ್ರದ ತೂಕ ಹೆಚ್ಚು. ದೈಹಿಕ ಶಿಕ್ಷಕರಾಗಲು ಬಿ.ಪಿ.ಇಡಿ. ಸೇರುವವರಿಗೂ ಅದು ನೆರವಾಗುತ್ತದೆ. ಓಟ ಮತ್ತು ದೇಹದಾರ್ಢ್ಯದ ತಾಲೀಮು ಪೊಲೀಸ್ ಪೇದೆ ಹುದ್ದೆಯ ದೈಹಿಕ ಪರೀಕ್ಷೆಗೂ ಒದಗುವುದರಿಂದ ಹಲವರಿಗೆ ಎರಡೂ ತಯಾರಿ ಒಂದೇ ಮೈದಾನದಲ್ಲಿ ಸಾಗುತ್ತದೆ.

ವೃತ್ತಿಪರ ಆಟದ ಬಾಗಿಲು ತೆರೆದದ್ದು 2014ರ ಜುಲೈನಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಿಂದ. 2019ರ ಜನವರಿಯಲ್ಲಿ ಮುಗಿದ ಆರನೇ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಸಲ ಪ್ರಶಸ್ತಿ ಗೆದ್ದಿತು. ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಈ ಲೀಗ್‌ನಲ್ಲಿ ಕರ್ನಾಟಕದ ಹೆಸರಾಂತ ತರಬೇತುದಾರ. ಅವರ ಗರಡಿಯಲ್ಲಿ ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರಲ್ಲಿ ಪ್ರಶಸ್ತಿ ಪಡೆದವು.

ಗಾಯ ಮತ್ತು ಆರೈಕೆ

ಪಾದದ ಕೀಲು ಉಳುಕುವುದು, ಭುಜ ತಪ್ಪುವುದು, ಬೆರಳು ಮುರಿಯುವುದು ಸಾಮಾನ್ಯ ಗಾಯಗಳು. ಅತ್ಯಂತ ಗಂಭೀರವಾದದ್ದು ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು. ಓಡುತ್ತಿದ್ದವನು ಊರಿದ ಕಾಲಿನ ಮೇಲೆ ಒಮ್ಮೆಲೇ ತಿರುಗಿದಾಗ, ಇಲ್ಲವೇ ಹಿಡಿತದಲ್ಲಿ ಮೊಣಕಾಲಿನ ಮೇಲೆ ಪಕ್ಕದಿಂದ ಭಾರ ಬಿದ್ದಾಗ ಅದು ಹರಿಯುತ್ತದೆ. ಶಸ್ತ್ರಚಿಕಿತ್ಸೆ ಬೇಕಾದರೆ ಆಟಕ್ಕೆ ಮರಳಲು ತಿಂಗಳುಗಳೇ ಹಿಡಿಯುವುದರಿಂದ ಮೂರು ವರ್ಷದ ಪದವಿಯಲ್ಲಿ ಒಂದು ಕ್ರೀಡಾವರ್ಷ ಪೂರ್ತಿ ಕೈತಪ್ಪುತ್ತದೆ. ನೀ ಕ್ಯಾಪ್, ಬ್ಯಾಂಡೇಜು ಮತ್ತು ಐಸ್ ಕಾಲೇಜು ತಂಡದ ಚೀಲದಲ್ಲಿರುವ ಸಾಮಾನ್ಯ ಸಾಮಗ್ರಿ.

ಈಗಿನ ಸ್ಥಿತಿ

ಇತ್ತೀಚಿನ ವರ್ಷಗಳಲ್ಲಿ ಎರಡು ಬದಲಾವಣೆಗಳು ಕ್ರೀಡಾವರ್ಷದ ಆಕಾರವನ್ನೇ ತಿದ್ದಿವೆ. ಮೊದಲನೆಯದು ವಿಶ್ವವಿದ್ಯಾಲಯದ ಬದಲಾವಣೆ. ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿ ಈ ತಂಡಗಳು ಧಾರವಾಡ, ಗದಗ, ಉತ್ತರ ಕನ್ನಡ ಜಿಲ್ಲೆಗಳ ಕಾಲೇಜುಗಳನ್ನೂ ಎದುರಿಸಬೇಕಿತ್ತು. ಹಾವೇರಿ ವಿಶ್ವವಿದ್ಯಾಲಯದ ವ್ಯಾಪ್ತಿ ಒಂದೇ ಜಿಲ್ಲೆ. ಪಯಣ ಕಡಿಮೆ, ವಿಶ್ವವಿದ್ಯಾಲಯ ತಂಡಕ್ಕೆ ಸೇರಲು ಎದುರಾಳಿಗಳೂ ಕಡಿಮೆ. ಹಾಗೆಯೇ ಹುಬ್ಬಳ್ಳಿ–ಧಾರವಾಡದ ತಂಡಗಳ ಜೊತೆ ಅಧಿಕೃತವಾಗಿ ಆಡುವ ಅವಕಾಶವೂ ಕಡಿಮೆ.

ಎರಡನೆಯದು ಪದವಿಯ ಅವಧಿ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಜಾರಿಯಾಗಿತ್ತು. 2024–25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿದೆ. ಇದರಿಂದ ಆಟಗಾರನೊಬ್ಬನಿಗೆ ಪದವಿ ಹಂತದಲ್ಲಿ ಸಿಗುವ ಕ್ರೀಡಾವರ್ಷಗಳು ಮತ್ತೆ ಮೂರಕ್ಕೆ ನಿಂತಿವೆ. ಸೆಮಿಸ್ಟರ್ ಪದ್ಧತಿಯಲ್ಲಿ ವರ್ಷಕ್ಕೆರಡು ಪರೀಕ್ಷೆ ಬರುವುದರಿಂದ ಅಂತರ ಕಾಲೇಜು ಕೂಟಗಳನ್ನು ಅವುಗಳ ನಡುವಿನ ವಾರಗಳಲ್ಲೇ ಹೊಂದಿಸಬೇಕಾಗಿದೆ.

ಆಟದ ನೋಟವೂ ಬದಲಾಗಿದೆ. ಸೂಪರ್ ಟ್ಯಾಕಲ್, ಡೂ ಆರ್ ಡೈ, ಡುಬ್ಕಿ (ಹಿಡಿಯುವವರ ಕೈಕೆಳಗೆ ಬಗ್ಗಿ ನುಸುಳುವುದು) ಎಂಬ ಮಾತುಗಳು ಟಿ.ವಿ.ಯಿಂದ ಹಳ್ಳಿಯ ಅಂಕಣಕ್ಕೆ ಇಳಿದಿವೆ. ಹೊನಲು ಬೆಳಕಿನ ಪಂದ್ಯಾವಳಿಗಳು ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಗುತ್ತವೆ. ಮೇಲಿನ ಹಂತದ ಪಂದ್ಯಗಳು ಮ್ಯಾಟ್ ಮೇಲೆ, ದಿನದ ಅಭ್ಯಾಸ ಮಣ್ಣಿನ ಮೇಲೆ ಎಂಬ ಅಂತರ ಮಾತ್ರ ಉಳಿದಿದೆ. ಮಣ್ಣಿನಲ್ಲಿ ಪಳಗಿದ ತಂಡಕ್ಕೆ ಮ್ಯಾಟ್ ಮೇಲಿನ ಮೊದಲ ಅವಧಿ ಹೆಜ್ಜೆ ಹೊಂದಿಸಿಕೊಳ್ಳುವುದರಲ್ಲೇ ಕಳೆಯುತ್ತದೆ, ನಾಕೌಟ್ ಕೂಟದಲ್ಲಿ ಆ 20 ನಿಮಿಷ ಇಡೀ ಅಧಿಕೃತ ವರ್ಷದ ಅರ್ಧಭಾಗವಾಗಿರಬಹುದು.